ನೂರು ಗಂಟೆಯ ಡಬ್ಬಿ

ಸಿಗದ ಫೋನಿಗೆ ಕಾಸಿಲ್ಲ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಒಳಗೆ ಬಂದ ಗಿರಾಕಿಗೆ ನಾನು ಹೇಳುತ್ತಿದ್ದ ಮೊದಲ ಮಾತೇ ಇದು. ಆ ಕಡೆಯವರು ಎತ್ತಿ ಹಲೋ ಅಂದರೆ ಮೀಟರ್ ಓಡುತ್ತದೆ, ಎತ್ತದಿದ್ದರೆ ಓಡುವುದಿಲ್ಲ. ಮೀಟರಿನ ಕೆಂಪು ಅಂಕಿಗಳನ್ನು ಗಿರಾಕಿಯ ಕಡೆಗೇ ತಿರುಗಿಸಿ ಇಟ್ಟಿದ್ದೆ. ಊಟಿ ಕಡೆಯಿಂದ ಬರುವ ಲಾರಿಯವರು ಹೆಂಡತಿಯ ಯೋಗಕ್ಷೇಮ ಕೇಳುತ್ತಲೇ ಆ ಅಂಕಿಗಳ ಮೇಲೆ ಕಣ್ಣು ನೆಟ್ಟಿರುತ್ತಿದ್ದರು. ಇನ್ನೊಂದು ಅಂಕಿ ಬೀಳುವ ಮುಂಚೆ "ಆಯ್ತು, ಮಡಗ್ತೀನಿ" ಎಂದು ರಿಸೀವರ್ ಕುಕ್ಕುತ್ತಿದ್ದರು. ಮಾತು ಅರ್ಧಕ್ಕೆ ನಿಂತರೂ ಯಾರೂ ನನ್ನ ಮೇಲೆ ಕೋಪ ಮಾಡಿಕೊಳ್ಳುತ್ತಿರಲಿಲ್ಲ, ಏಕೆಂದರೆ ಓಡಿದ್ದನ್ನು ಅವರೇ ಕಣ್ಣಾರೆ ನೋಡಿರುತ್ತಿದ್ದರು.

ಬೂತನ್ನು ಸರ್ಕಾರ ಕೊಟ್ಟಿದ್ದು ನನಗೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿತ್ತು. ಅಂಗವಿಕಲರ ಕೋಟಾದಲ್ಲಿ ಅರ್ಜಿ ಹಾಕಿದೆ, ಲೈಸೆನ್ಸು ನನ್ನ ಹೆಸರಿಗೇ ಬಂತು. ಆದರೆ ಮಳಿಗೆಯನ್ನು ಬಾಡಿಗೆಗೆ ಹಿಡಿದವನು ಅಣ್ಣ. ಅವನಿಗೆ ಅದೇ ಬೀದಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇತ್ತು, ಊರಲ್ಲಿ ಒಂದಿಷ್ಟು ಮರ್ಯಾದೆಯೂ ಇತ್ತು. ಹೀಗಾಗಿ ಊರಿನ ಬಾಯಲ್ಲಿ ನನ್ನ ಬೂತು 'ಅಣ್ಣನ ಅಂಗಡಿ'ಯಾಗಿತ್ತು, ನಾನು ಅಲ್ಲಿ ಹೊತ್ತು ಕಳೆಯಲು ಕೂತ ತಂಗಿಯಾಗಿದ್ದೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಮೈಯೆಲ್ಲ ಉರಿಯುತ್ತಿತ್ತು. ಕಾಲು ಸೊರಗಿದ್ದರೂ ನಾಲಿಗೆ ಸೊರಗಿರಲಿಲ್ಲವಾದ್ದರಿಂದ ಹಾಗೆಂದವರಿಗೆ ತಕ್ಕ ಉತ್ತರ ಕೊಟ್ಟೇ ಕಳಿಸುತ್ತಿದ್ದೆ.

ಚಾಮರಾಜನಗರ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಹೊಸ ಜಿಲ್ಲೆ, ಹೊಸ ಆಫೀಸುಗಳು, ಅವುಗಳ ಹಿಂದೆ ಹೊಸ ವ್ಯಾಪಾರಗಳು. ಅಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ ಒಬ್ಬರು ಇಂಟರ್ನೆಟ್ ಕಂಪನಿಯೊಂದರ ಏಜೆನ್ಸಿ ಹಿಡಿದಿದ್ದರು. ಅರ್ಜಿ, ಮದುವೆ ಪತ್ರ ಟೈಪು ಮಾಡಲು ನಾನು ಆಗಲೇ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದೆ. ಆ ಸುದ್ದಿ ಹಿಡಿದು ಏಜೆಂಟರು ಒಂದು ಮಧ್ಯಾಹ್ನ ಬಂದೇಬಿಟ್ಟರು. ಕೈಯಲ್ಲಿ ಬಣ್ಣದ ರಟ್ಟಿನ ಡಬ್ಬಿ. ಅದರೊಳಗೆ ಒಂದು ಸೀಡಿ, ಪಾಸ್‌ವರ್ಡ್ ಬರೆದ ಒಂದು ಚೀಟಿ.

"ನೂರು ಗಂಟೆ ಇಂಟರ್ನೆಟ್ ಮೇಡಂ. ಪ್ರಪಂಚಾನೇ ನಿಮ್ಮ ಟೇಬಲ್ ಮೇಲೆ ಬಂದು ಕೂತ್ಕೊಳ್ಳತ್ತೆ. ವರ್ಷವೆಲ್ಲ ಬಳಸಿದ್ರೂ ಮುಗಿಯಲ್ಲ ನೋಡಿ."

ಡಬ್ಬಿಯ ಬೆಲೆ ನನ್ನ ಕೈಗೆ ಮೀರಿದ್ದಾಗಿತ್ತು. ಆದರೂ ತೆಗೆದುಕೊಂಡೆ. ಗಲ್ಫಿನಲ್ಲಿ ಕೆಲಸ ಮಾಡುವವರ ಮನೆಯವರು ನಮ್ಮ ಕಡೆ ಅನೇಕರಿದ್ದರು. ಅಲ್ಲಿಗೆ ಫೋನ್ ಮಾಡುವುದೆಂದರೆ ಮಾತಿಗಿಂತ ಮೀಟರೇ ಜೋರು. ಅವರಿಗೆ ಇ-ಮೇಲ್ ಕಳಿಸಿಕೊಟ್ಟರೆ ನನ್ನ ಬೂತು ಬೂತಾಗಿ ಉಳಿಯದೆ ಇನ್ನೊಂದು ಮೆಟ್ಟಿಲು ಏರುತ್ತದೆ ಎಂದು ನನಗೆ ಖಾತ್ರಿ ಇತ್ತು.

ಅಣ್ಣನಿಗೆ ಆ ಖಾತ್ರಿ ಇರಲಿಲ್ಲ. ಕೇರಳದ ಸುಲ್ತಾನ್ ಬತ್ತೇರಿ ಕಡೆಯ ಒಬ್ಬ ಅವನ ಬೆನ್ನು ಬಿದ್ದಿದ್ದ. ಬಸ್ ಸ್ಟ್ಯಾಂಡಿನೆದುರು ಬಾಳೆಕಾಯಿ ಚಿಪ್ಸ್ ಕರಿದು ಮಾರಬೇಕು, ಮಳಿಗೆಯ ಮುಂದಿನ ಅರ್ಧ ಕೊಡಿ ಎಂದು ಕೇಳುತ್ತಿದ್ದ. ಅಣ್ಣ ಡಬ್ಬಿಯನ್ನು ಅತ್ತಿತ್ತ ತಿರುಗಿಸಿ ನೋಡಿ ಟೇಬಲ್ ಮೇಲೆ ಇಟ್ಟ.

"ಯುಗಾದಿ ಗಂಟ ನೋಡ್ತೀನಿ ಕಣಮ್ಮಿ. ಅಷ್ಟೊತ್ಗೆ ಇದು ನಡುದ್ರೆ ಸರಿ. ನಡೀನಿಲ್ಲ ಅಂದ್ರೆ ಮುಂದ್ಗಡೆ ಜಾಗ ಚಿಪ್ಸ್‌ನವುನ್ಗೆ. ಆಮೇಲೆ ಅತ್ತು ಕರದು ಮಾಡ್ಬ್ಯಾಡ."

ಮುಂದಿನ ಅರ್ಧ ಹೋಯಿತೆಂದರೆ ಕಂಪ್ಯೂಟರ್ ಟೇಬಲ್ಲಿಗೆ ಜಾಗವಿಲ್ಲ. ಎಣ್ಣೆ ಹೊಗೆ ದಾಟಿ ಹಿಂದಿನ ಫೋನಿಗೆ ಯಾರು ಬರುತ್ತಾರೆ? ಇನ್ನೊಂದು ವರ್ಷಕ್ಕೆ ಬೂತೂ ಮುಚ್ಚಿ, ನಾನು ಮನೆಯಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಬೇಕು. ಬಂದ ನೆಂಟರು "ಪಾಪ" ಅನ್ನಬೇಕು. ಆ ಒಂದು ಮಾತು ಕೇಳುವುದಕ್ಕಿಂತ ಬಸ್ ಸ್ಟ್ಯಾಂಡಿನ ಧೂಳು ಕುಡಿಯುವುದು ನನಗೆ ಸಾವಿರ ಪಾಲು ಮೇಲಾಗಿತ್ತು. ಅಣ್ಣನಿಗೆ ಹೂಂ ಅಂದೆ.

ಇಂಟರ್ನೆಟ್ ಬೇಕೆಂದರೆ ಮೈಸೂರಿನ ನಂಬರಿಗೆ ಫೋನ್ ಹಚ್ಚಬೇಕಿತ್ತು. ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆ ಮೊದಲು ಕೀ ಎಂದು ಕೂಗಿ, ಆಮೇಲೆ ಗಂಟಲಿಗೆ ಕಫ ಸಿಕ್ಕಿದವರ ಹಾಗೆ ಕರಕರ ಅಂದು, ಮನಸ್ಸು ಬಂದರೆ ಲೈನು ಹಿಡಿಯುತ್ತಿತ್ತು. ಹಿಡಿದದ್ದು ಒಂದು ಕಾಗದ ಕಳಿಸುವಷ್ಟರಲ್ಲಿ ಕಡಿದುಹೋಗುತ್ತಿತ್ತು. ಮತ್ತೆ ಹಚ್ಚು, ಮತ್ತೆ ಕೂಗು. ಹಚ್ಚಿದ ಪ್ರತಿ ಸಲವೂ ಮೈಸೂರಿನ ಎಸ್‌ಟಿಡಿ ಚಾರ್ಜು ಒಂದು ಕಡೆ, ಡಬ್ಬಿಯ ಗಂಟೆ ಇನ್ನೊಂದು ಕಡೆ. ಎರಡು ಬಾಯಿಯಿಂದ ತಿನ್ನುವ ಪ್ರಾಣಿಯನ್ನು ನಾನು ಅದೇ ಮೊದಲು ಸಾಕಿದ್ದು.

ನನ್ನ ಮೊದಲ ಗಿರಾಕಿ ಹಂಗಳದ ಬಾಳೆ ಬೆಳೆಗಾರ. ಅವನ ತಮ್ಮ ಗಲ್ಫಿನಲ್ಲಿ ಡ್ರೈವರ್. ಅಲ್ಲಿನ ಆಫೀಸಿನವರು ಇ-ಮೇಲ್ ಬಂದರೆ ಕಾಗದದ ಮೇಲೆ ತೆಗೆದು ಅವನ ಕೈಗೆ ಕೊಡುತ್ತಿದ್ದರಂತೆ. ಹಂಗಳದವನು ಬೈಕು ನಿಲ್ಲಿಸಿ, ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೇಳುತ್ತಾ ಹೋದ, ನಾನು ಟೈಪು ಮಾಡುತ್ತಾ ಹೋದೆ. ಕಳಿಸುವ ಹೊತ್ತಿಗೆ ಮೂರು ಸಲ ಲೈನು ಕಡಿಯಿತು.

"ನಾಕು ಸಲ ಕೂಗಿಸ್ದಲ್ಲಕ್ಕ, ನಾಕಕ್ಕೂ ಕಾಸಾ?" ಎಂದ.

"ಹೋದ ಕಾಗದಕ್ಕೆ ಮಾತ್ರ ಕೊಡಿ."

"ಮಿಕ್ಕಿದ್ದು?"

"ನನ್ನ ತಲೆ ಮೇಲೆ."

ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ನೀನು ಬಿಡವ್ವ, ದರ್ಮದ ಕೈ. ಮೈಸೂರ್ನೋರು ಅಂಗೇ ಬುಟ್ಟಾರಾ?" ಎಂದು ನಕ್ಕು ಬೈಕು ಹತ್ತಿದ.

ಮೈಸೂರಿನವರು ಬಿಡಲಿಲ್ಲ. ಸಂಕ್ರಾಂತಿಗೆ ಮುಂಚೆ ತೆಗೆದ ಡಬ್ಬಿ ಶಿವರಾತ್ರಿ ಕಳೆದ ವಾರವೇ ಮುಗಿಯಿತು. ಒಂದು ಬೆಳಗ್ಗೆ ಲೈನು ಹಚ್ಚಿದರೆ, ನಿಮ್ಮ ಅವಧಿ ತೀರಿದೆ, ಹೊಸ ಪ್ಯಾಕ್ ಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಬಂತು. ಕಣ್ಣುಜ್ಜಿ ಮತ್ತೆ ಓದಿದೆ. ನಾನು ಕಳಿಸಿದ್ದ ಕಾಗದಗಳನ್ನು ನೆನೆಸಿಕೊಂಡರೆ, ಹೇಗೆ ಎಳೆದರೂ ಗಂಟೆಗಳ ಕಾಲು ಭಾಗವೂ ಖರ್ಚಾಗಿರಲು ಸಾಧ್ಯವಿರಲಿಲ್ಲ. ಮಿಕ್ಕಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಹೋಗಿತ್ತು. ಮೈಸೂರಿನ ಆಫೀಸಿಗೆ ಫೋನ್ ಮಾಡಿದೆ. ದಯವಿಟ್ಟು ಕಾಯಿರಿ ಎಂದು ಒಂದು ಹೆಣ್ಣುದನಿ ಹೇಳಿತು, ಆಮೇಲೆ ವಾದ್ಯ ನುಡಿಯಿತು. ನನ್ನದೇ ಮೀಟರಿನ ಕೆಂಪು ಅಂಕಿಗಳು ನನ್ನ ಕಣ್ಣೆದುರು ಓಡುತ್ತಿದ್ದವು. ನಾನೂ ಲಾರಿಯವರ ಹಾಗೆ ರಿಸೀವರ್ ಕುಕ್ಕಿದೆ.

ರಾತ್ರಿ ಊಟಕ್ಕೆ ಕೂತಾಗ ವಿಷಯ ಹೇಳಿದೆ. ಅಣ್ಣ ಮುಗುಳ್ನಕ್ಕ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗು ತಡೆಯಲಾಗಲಿಲ್ಲ.

"ನಾಳಿಕ್ಕೆ ನಾನೂ ಬತ್ತೀನಿ ನಡಿ" ಎಂದಳು ಅವ್ವ. "ಚಾಮ್ರಾಜ್ನಗರಕ್ಕೆ ಓಗನ. ಅಂಗೇ ಸಂತೆಮರಳ್ಳಿಗೆ ಓಗಿ ನಮ್ಮಪ್ಪನ ಮನೇನೂ ನೋಡ್ದಂಗಾಯ್ತದೆ."

ಅವ್ವನ ತವರು ಸಂತೆಮರಹಳ್ಳಿ. ಸಂತೆಯೊಳಗೇ ಬೆಳೆದವಳು. ಅವಳ ಜೊತೆ ಹುರುಳಿ ಕೊಳ್ಳಲು ಹೋದರೆ ಮಾರುವವನಿಗೆ ಬೆವರು ಬರುತ್ತಿತ್ತು. ಅವನು ಮೊದಲ ಸೇರನ್ನು ಒಂದು ಅನ್ನದೆ 'ಲಾಭ' ಎಂದು ಎಣಿಸಿ ಸುರಿಯುವಾಗ ಇವಳು ಸೇರಿನ ಅಂಚನ್ನೇ ದಿಟ್ಟಿಸುತ್ತಿದ್ದಳು. ಕೆಳಗೆ ಚೆಲ್ಲಿದ ಕಾಳು ಅವನದು, ಚೀಲಕ್ಕೆ ಬಿದ್ದದ್ದು ನಮ್ಮದು. ಅಳತೆ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ಚೀಲದ ಬಾಯಿ ಕಟ್ಟುತ್ತಲೇ ಇರಲಿಲ್ಲ. ಅಳತೆಯಲ್ಲಿ ಮೋಸವಾಯಿತೆಂದು ಕಂಡರೆ ನಮ್ಮ ಹೆಂಗಸರು ಅಲ್ಲಿ ಕೂಗಾಡುವುದಿಲ್ಲ. ಬಾಯಿ ಬಿಚ್ಚಿದ ಚೀಲವನ್ನು ಅವನ ಮುಂದೆ ಇಟ್ಟು, ಪಕ್ಕದಲ್ಲಿ ಕಾಲು ಮಡಚಿ ಕೂರುತ್ತಾರೆ. ಬರುವವರು ಹೋಗುವವರು ಯಾಕೆ ಎಂದು ಕೇಳುತ್ತಾರೆ, ಇವರು ಹೇಳುತ್ತಾರೆ. ಎಂಥ ಭಂಡನಾದರೂ ಮಧ್ಯಾಹ್ನದೊಳಗೆ ಇನ್ನೊಂದು ಸಲ ಅಳೆಯುತ್ತಾನೆ.

ಮಾರನೆಯ ಬೆಳಗ್ಗೆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆವು. ಏಜೆಂಟರ ಕೇಂದ್ರ ದೊಡ್ಡ ರಸ್ತೆಯಲ್ಲಿ ಮೇಲಿನ ಮಹಡಿಯಲ್ಲಿತ್ತು. ಊರುಗೋಲು ಊರಿಕೊಂಡು ಆ ಮೆಟ್ಟಿಲು ಹತ್ತುವಾಗಲೇ ನನ್ನ ಸಿಟ್ಟು ಅರ್ಧ ಬೆಂದಿತ್ತು.

ಅವರು ನಗುನಗುತ್ತಲೇ ಕೂರಿಸಿದರು. "ಕಂಪ್ಯೂಟರ್ ಲೆಕ್ಕ ಮೇಡಂ, ತಪ್ಪೋದಿಲ್ಲ. ನೀವು ಯೂಸ್ ಮಾಡಿರ್ತೀರ, ಗೊತ್ತಾಗಿರಲ್ಲ."

"ಬಳಸಿದ್ದು ಬೇಡ, ಕಡಿದುಹೋದದ್ದಕ್ಕೂ ಗಂಟೆ ಹಿಡಿದಿದ್ದಾರಾ ಅಂತ ಕೇಳ್ತಿದ್ದೀನಿ."

"ಅದು ಕಂಪನಿ ಪಾಲಿಸಿ ಮೇಲೆ ಹೋಗತ್ತೆ."

"ಪಾಲಿಸಿ ಏನು?"

"ಕಂಪನಿಯವರು ಡಿಸೈಡ್ ಮಾಡ್ತಾರೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಹೌದೂ ಅಲ್ಲ, ಅಲ್ಲವೂ ಅಲ್ಲ. ಅಷ್ಟರಲ್ಲಿ ಹೊಸ ಡಬ್ಬಿಯೊಂದನ್ನು ಮೇಜಿನ ಮೇಲೆ ಇಟ್ಟಿದ್ದರು. ಇದು ಇನ್ನೂ ಒಳ್ಳೆಯ ಪ್ಯಾಕ್, ಗಂಟೆಗೆ ಲೆಕ್ಕ ಹಾಕಿದರೆ ಅಗ್ಗ, ಹಳೆಯ ಗಿರಾಕಿಗೆ ವಿಶೇಷ ದರ. ಮೂಗಿಗೆ ತುಪ್ಪ ಸವರುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಸುಳ್ಳೇಕೆ, ನನ್ನ ಕೈ ಒಂದು ಗಳಿಗೆ ಪರ್ಸಿನ ಕಡೆಗೆ ಹೋಗಿತ್ತು. ಯುಗಾದಿ ಹತ್ತಿರ ಬಂದಿತ್ತು.

ಅವ್ವ ಅಲ್ಲಿಯವರೆಗೂ ಗೋಡೆಯ ಮೇಲಿನ ಕಂಪ್ಯೂಟರ್ ಚಿತ್ರಗಳನ್ನು ನೋಡುತ್ತಿದ್ದವಳು ತಿರುಗಿದಳು.

"ಅಪ್ಪಾ, ಈ ಗಂಟೇನ ಯಾತ್ರಲ್ಲಿ ಅಳೀತೀರಿ?"

"ಕಂಪ್ಯೂಟರಲ್ಲೇ ಅಜ್ಜಿ."

"ಆ ಕಂಪ್ಯೂಟ್ರು ಎಲ್ಲದೆ?"

"ಮೈಸೂರಲ್ಲಿ."

"ಅಲ್ಲಾ ಕಣಪ್ಪ, ಕೊಳ್ಳೋಳು ಗುಂಡ್ಲುಪೇಟೇಲಿ, ಮಾರೋನು ಚಾಮ್ರಾಜ್ನಗರದಲ್ಲಿ, ಸೇರು ಮೈಸೂರಲ್ಲಿ ಮಡೀಕಂಡ್ರೆ ಅಂಚು ನೋಡೋರ್ಯಾರು? ಓಗ್ಲಿ, ಕೊಸರು ಎಷ್ಟು ಆಕಿದ್ರಿ?"

ತರಬೇತಿಗೆ ಬಂದಿದ್ದ ಹುಡುಗ ಹುಡುಗಿಯರು ಕಿಸಕ್ಕೆಂದರು. ಏಜೆಂಟರೂ ನಕ್ಕರು. "ಅಜ್ಜಿ, ಇದು ಹುರುಳಿಕಾಳಲ್ಲ. ಗಂಟೆಗೆಲ್ಲ ಕೊಸರು ಹಾಕಕ್ಕಾಗಲ್ಲ."

ನನಗೆ ನಾಚಿಕೆಯಾಗಲಿಲ್ಲ, ಸಿಟ್ಟು ನೆತ್ತಿಗೇರಿತು. ಅವ್ವನಿಗೆ ಇಂಟರ್ನೆಟ್ ಎಂದರೆ ಏನೆಂದು ಗೊತ್ತಿರಲಿಲ್ಲ, ನಿಜ. ಗಂಟೆಗಳನ್ನು ಮೈಸೂರಿನ ಯಾವುದೋ ಗೋದಾಮಿನಲ್ಲಿ ಮೂಟೆ ಕಟ್ಟಿ ಇಟ್ಟಿರುತ್ತಾರೆ, ತಂತಿಯಲ್ಲಿ ಬರುವಾಗ ದಾರಿಯಲ್ಲಿ ಸೋರಿಹೋಗಿದೆ ಎಂದೇ ಅವಳು ಕೊನೆಯವರೆಗೂ ನಂಬಿದ್ದಳು. ಆದರೆ ನನಗೆ ಎಲ್ಲ ಗೊತ್ತಿದ್ದೂ, ಯಾರು ಅಳೆದರು ಎಂಬ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಸುಮ್ಮನೆ ದುಡ್ಡು ಕೊಡಲು ಹೊರಟಿದ್ದೆ. ನನ್ನ ಬೂತಿನಲ್ಲಿ ನಾನು ಯಾವ ಲಾರಿಯವನಿಗೂ ಮಾಡದ ಅನ್ಯಾಯವನ್ನು ಇವರು ನನಗೆ ಮಾಡಿ ನಗುತ್ತಿದ್ದಾರಲ್ಲ ಎನಿಸಿತು.

"ಅವ್ವ, ಡಬ್ಬಿ ಕೊಡು" ಎಂದೆ.

ಬಾಗಿಲ ಹೊರಗೆ ಮೆಟ್ಟಿಲು ಮುಗಿಯುವಲ್ಲಿ ಒಂದು ಬೆಂಚು ಇತ್ತು. ಖಾಲಿ ಡಬ್ಬಿಯ ಮುಚ್ಚಳ ತೆರೆದು ನಡುವೆ ಇಟ್ಟು, ಆ ಕಡೆ ಅವ್ವ, ಈ ಕಡೆ ನಾನು ಕೂತೆವು. ಒಳಗೆ ಹೋಗಬೇಕಾದವರು ನಮ್ಮನ್ನು ದಾಟಿಯೇ ಹೋಗಬೇಕು. ಅದು ಬೇಸಿಗೆ ರಜೆಯ ತರಬೇತಿಗೆ ಮಕ್ಕಳ ಹೆಸರು ಬರೆಸುವ ಕಾಲ. ಮೊದಲು ಒಬ್ಬ ಮೇಷ್ಟ್ರು ಮಗಳನ್ನು ಕರೆದುಕೊಂಡು ಬಂದರು. ಏನಮ್ಮ ಇಲ್ಲಿ ಕೂತಿದ್ದೀರಿ ಎಂದು ಕೇಳಿದರು. ಹೇಳಿದೆ. ದನಿ ಏರಿಸಲಿಲ್ಲ, ಒಂದು ಮಾತೂ ಹೆಚ್ಚು ಸೇರಿಸಲಿಲ್ಲ. ನೂರು ಗಂಟೆ ಕೊಂಡೆ, ಇಷ್ಟು ದಿನದಲ್ಲಿ ಮುಗಿದಿದೆ, ಹೇಗೆ ಅಳೆದರು ಅಂದರೆ ಹೇಳುತ್ತಿಲ್ಲ. ಮೇಷ್ಟ್ರು ಒಳಗೆ ಹೋದರು, ಸ್ವಲ್ಪ ಹೊತ್ತಿಗೆ ಹೊರಗೆ ಬಂದರು. ನಾಳೆ ಬರುತ್ತೇನೆ ಎಂದು ಒಳಗಿನವರಿಗೆ ಹೇಳುತ್ತಿದ್ದುದು ನಮಗೂ ಕೇಳಿಸಿತು.

ಆಮೇಲೆ ಚಂದಕವಾಡಿಯ ಬ್ಯಾಂಕ್ ನೌಕರರೊಬ್ಬರು ಡಬ್ಬಿ ಕೊಳ್ಳಲೆಂದೇ ಬಂದರು. ನಮ್ಮ ಕಥೆ ಕೇಳಿ ಮೆಟ್ಟಿಲ ಮೇಲೆ ನಿಂತೇ ಯೋಚಿಸಿದರು. ಏಜೆಂಟರು ಓಡಿ ಬಂದರು.

"ಮೇಡಂ, ದಯವಿಟ್ಟು ಒಳಗೆ ಬನ್ನಿ. ಫ್ಯಾನ್ ಕೆಳಗೆ ಕೂತ್ಕೊಳ್ಳಿ."

"ಇಲ್ಲೇ ತಂಪಾಗಿದೆ" ಎಂದೆ.

"ನಂಗೆ ಬಿಸ್ಲು ಅಭ್ಯಾಸ" ಎಂದಳು ಅವ್ವ, ಬುತ್ತಿ ಬಿಚ್ಚಿ ರೊಟ್ಟಿ ಮೇಲೆ ಚಟ್ನಿ ಹಾಕುತ್ತಾ. ಬ್ಯಾಂಕಿನವರಿಗೂ ಒಂದು ಕೊಟ್ಟಳು. ಅವರು ತಿನ್ನುತ್ತಲೇ, "ಲೆಕ್ಕ ಏನು ಅಂತ ಹೇಳಿಬಿಡಿ ಸಾರ್, ನಾನೂ ತಿಳ್ಕೊಂಡೇ ತಗೋತೀನಿ" ಎಂದರು.

ಏಜೆಂಟರು ಬೇರೆ ದಾರಿ ಕಾಣದೆ ಮೈಸೂರಿಗೆ ಫೋನ್ ಹಚ್ಚಿದರು. ದಯವಿಟ್ಟು ಕಾಯಿರಿ ಎಂದು ಅದೇ ಹೆಣ್ಣುದನಿ ಅವರಿಗೂ ಹೇಳಿರಬೇಕು. ಬಾಗಿಲಿನಿಂದ ಅವರ ಮುಖ ಕಾಣುತ್ತಿತ್ತು. ರಿಸೀವರ್ ಕಿವಿಗೆ ಒತ್ತಿಕೊಂಡು ಕಾದರು, ಇಟ್ಟರು, ಮತ್ತೆ ಹಚ್ಚಿದರು, ಮತ್ತೆ ಕಾದರು. ಏಜೆಂಟನೆಂದು ಹೇಳಿಕೊಂಡರೂ ಮೈಸೂರಿಗೆ ಅವರೂ ಒಬ್ಬ ಗಿರಾಕಿಯೇ. ಅವರ ಅಂಗಿಯ ಇಸ್ತ್ರಿ ಬೆವರಿಗೆ ಕೆಟ್ಟುಹೋಯಿತು. ಕೊನೆಗೂ ಯಾರೋ ಸಿಕ್ಕರು. ಮಾತಾಡುತ್ತಾ ಆಡುತ್ತಾ ಅವರ ದನಿ ಇಳಿಯಿತು.

ಹೊರಗೆ ಬಂದು ನನ್ನ ಪಕ್ಕ, ಡಬ್ಬಿಯನ್ನು ಸರಿಸಿ ಕೂತರು. "ಒಂದು ಸಲ ಲೈನ್ ಹಿಡೀತು ಅಂದ್ರೆ ಕಾಲು ಗಂಟೆ ಹಿಡಿದುಬಿಡ್ತಾರಂತೆ ಮೇಡಂ. ಒಂದೇ ನಿಮಿಷಕ್ಕೆ ಕಡಿದುಹೋದ್ರೂ ಕಾಲು ಗಂಟೆ. ಮತ್ತೆ ಹಚ್ಚಿದ್ರೆ ಮತ್ತೆ ಕಾಲು ಗಂಟೆ." ಹಣೆಯ ಬೆವರು ಒರೆಸಿಕೊಂಡು, "ನನಗೂ ಯಾರೂ ಹೇಳಿರಲಿಲ್ಲ. ನಮ್ಮ ಸೆಂಟರಿನ ಗಂಟೆಗಳೂ ಹೀಗೇ ಹೋಗ್ತಿದ್ವು" ಎಂದರು.

ಆ ಮಾತು ನಿಜವೆಂದು ಅವರ ಮುಖವೇ ಹೇಳುತ್ತಿತ್ತು. ಸಿಟ್ಟು ಮಾಡಿಕೊಳ್ಳಲು ನನಗೆ ಸಿಕ್ಕಿದ್ದ ಒಬ್ಬ ಮನುಷ್ಯನೂ ಕೈತಪ್ಪಿದ. ಅವ್ವ ಅವರಿಗೂ ಒಂದು ರೊಟ್ಟಿ ಕೊಟ್ಟಳು.

"ಇದು ಸೋರಿದ್ದು. ಸೋರಿದ್ದು ಮಾರೋನ್ದು. ನಮ್ಮ ಚೀಲ್ದ್ದು ನಮ್ಗೆ ತುಂಬ್ಸಿ ಕೊಡಿ, ಎದ್ದೋಯ್ತೀವಿ" ಎಂದಳು.

ಅವರು ಇನ್ನೊಂದು ಸಲ ಫೋನ್ ಮಾಡಿದರು. ಈ ಸಲ ಬೇಡುವ ದನಿ ಇರಲಿಲ್ಲ, ಬಾಗಿಲಲ್ಲಿ ಇಬ್ಬರು ಹೆಂಗಸರು ಕೂತಿದ್ದಾರೆ, ಗಿರಾಕಿಗಳು ವಾಪಸ್ ಹೋಗುತ್ತಿದ್ದಾರೆ ಎಂದು ಜೋರಾಗಿಯೇ ಹೇಳಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಲವತ್ತು ಗಂಟೆ ವಾಪಸ್ ಬಂತು. ಅದನ್ನು ಅವರ ಕಂಪ್ಯೂಟರಿನಲ್ಲಿ ನನ್ನೆದುರಿಗೇ ತೆರೆದು ತೋರಿಸಿ ಎಂದೆ. ತೋರಿಸಿದರು. ಎಷ್ಟು ಉಳಿದಿದೆ ಎಂದು ನೋಡುವ ಜಾಗ ಯಾವುದೆಂದೂ ಅಂದೇ ಕಲಿತೆ. ಸಿಕ್ಕ ಗಂಟೆಗಳಿಗಿಂತ ಆ ಕಾಲು ಗಂಟೆಯ ಕಾಯ್ದೆ ಗೊತ್ತಾದದ್ದೇ ನನಗೆ ದೊಡ್ಡ ಲಾಭವೆನಿಸಿತು.

ಅವ್ವ ಸಂತೆಮರಹಳ್ಳಿಗೆ ಇನ್ನೊಂದು ದಿನ ಹೋದರಾಯಿತು ಎಂದಳು. ಗೆದ್ದ ಖುಷಿಯಲ್ಲಿ ಮನೆಗೇ ಹೋಗಬೇಕೆನಿಸಿತ್ತು ಅವಳಿಗೆ. ವಾಪಸ್ ಬರುವ ಬಸ್ಸು ತೆರಕಣಾಂಬಿಯಲ್ಲಿ ನಿಂತಾಗ ರಸ್ತೆಯ ಪಕ್ಕದಲ್ಲಿ ಡೈರಿಗೆ ಹಾಲು ಹಾಕಲು ಹೆಂಗಸರು ಕ್ಯಾನು, ಚೊಂಬು ಹಿಡಿದು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಚೊಂಬಿಗೂ ಒಂದೊಂದು ವ್ಯಾನು ಬರುವುದಿಲ್ಲವಲ್ಲ. ಎಲ್ಲರದೂ ಕೂಡಿಸಿ ಒಂದೇ ವ್ಯಾನು, ಒಂದೇ ಸಲ. ನಾನು ಸೀಟಿನಲ್ಲೇ ನೆಟ್ಟಗಾದೆ. ಕಾಗದಗಳನ್ನೆಲ್ಲ ಲೈನು ಹಚ್ಚದೆಯೇ ಟೈಪು ಮಾಡಿ ಇಟ್ಟುಕೊಂಡು, ದಿನಕ್ಕೆ ಒಂದೇ ಸಲ, ಲೈನು ಚೆನ್ನಾಗಿರುವ ಮಧ್ಯಾಹ್ನ ಮೂರಕ್ಕೆ ಹಚ್ಚಿ, ಹೋಗುವುದೆಲ್ಲ ಕಳಿಸಿ ಬರುವುದೆಲ್ಲ ಇಳಿಸಿಕೊಂಡು ಕಡಿದುಬಿಟ್ಟರೆ? ಅವರು ಕಾಲು ಗಂಟೆ ಹಿಡಿಯಲಿ, ಆ ಕಾಲು ಗಂಟೆಯ ಒಂದು ನಿಮಿಷವನ್ನೂ ನಾನು ಅವರಿಗೆ ಬಿಡುವುದಿಲ್ಲ. ನಲವತ್ತು ಗಂಟೆ ಹಾಗೆ ಎಷ್ಟು ತಿಂಗಳಾದರೂ ಬರುತ್ತದೆ. ಅವ್ವನಿಗೆ ವಿವರಿಸಿದೆ. ಅವಳು ಪೂರ್ತಿ ಕೇಳದೆ ನನ್ನ ಹೆಗಲ ಮೇಲೆ ತೂಕಡಿಸಿದಳು.

ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು ನೋಡಿದರೆ, ನನ್ನ ಮಳಿಗೆಯ ಮುಂದೆ ಒಲೆ ಇತ್ತು.

ಒಲೆಯ ಮೇಲೆ ದೊಡ್ಡ ಬಾಣಲೆ. ಪಕ್ಕದಲ್ಲಿ ನೇಂದ್ರ ಬಾಳೆಯ ಗೊನೆಗಳು. ನನ್ನ ಕಂಪ್ಯೂಟರ್ ಟೇಬಲ್ಲನ್ನು ಒಳಗೆ ಫೋನಿನ ಕ್ಯಾಬಿನ್ನಿಗೆ ಒತ್ತರಿಸಿ ಇಟ್ಟಿದ್ದರು. ಚಿಪ್ಸಿನವನು ಎಣ್ಣೆ ಡಬ್ಬದ ಮುಚ್ಚಳ ತೆಗೆಯುತ್ತಿದ್ದ. ಅಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಯುಗಾದಿ ಇನ್ನೂ ಬಂದಿಲ್ಲ ಅಣ್ಣ" ಎಂದೆ.

"ಗಂಟೆ ಮುಗುದೋಯ್ತು ಅಂತ ನೀನೇ ಅಂದಲ್ಲಮ್ಮಿ. ಮುಗುದ್ಮೇಲೆ ಇನ್ನೇನ್ಗೆ ಕಾಯಾದು? ನನ್ನಂಗ್ಡಿ, ನಾನು ಕೊಟ್ಟೆ. ಒಳೀಕ್ ಓಗು, ದಣ್ದಿದ್ದೀಯ."

ಚಾಮರಾಜನಗರದಲ್ಲಿ ಯಾರದೋ ಬಾಗಿಲಲ್ಲಿ ಕೂರಲು ನನಗೆ ಒಂದಿಷ್ಟೂ ಅಂಜಿಕೆಯಾಗಿರಲಿಲ್ಲ. ಇಲ್ಲಿ ಎದುರಿಗಿದ್ದವನು, ಮಳೆಗಾಲದಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ಸ್ಕೂಲಿಗೆ ಬಿಟ್ಟವನು. ಅವನ ಮೇಲೆ ನನಗೆ ಪ್ರೀತಿ ಇತ್ತು, ಈಗಲೂ ಇದೆ. ಆದರೂ ಊರುಗೋಲನ್ನು ಗೋಡೆಗೆ ಒರಗಿಸಿ, ಹೊಸ್ತಿಲಿಗೂ ಒಲೆಗೂ ನಡುವೆ ನೆಲದ ಮೇಲೆ ಕೂತುಬಿಟ್ಟೆ. ಅವ್ವ ಬರುತ್ತಾಳೆಂದು ಪಕ್ಕದಲ್ಲಿ ಜಾಗ ಬಿಟ್ಟೆ. ಅವಳು ಬುತ್ತಿಯ ಚೀಲ ಹಿಡಿದು ನಿಂತೇ ಇದ್ದಳು. ಒಂದು ಕಡೆ ಮಗ, ಒಂದು ಕಡೆ ಮಗಳು. ಬಸ್ ಸ್ಟ್ಯಾಂಡಿನ ಜನ ಒಬ್ಬೊಬ್ಬರೇ ಈ ಕಡೆ ತಿರುಗತೊಡಗಿದರು.

"ಏಳಮ್ಮಿ ಮೇಲಕ್ಕೆ. ಜನ ನೋಡ್ತಾವ್ರೆ" ಎಂದ ಅಣ್ಣ, ಹಲ್ಲು ಕಚ್ಚಿ.

"ನೋಡ್ಲಿ."

ಅವ್ವ ಅಣ್ಣನ ಹತ್ತಿರ ಹೋಗಿ ನಿಂತಳು. "ಲೈಸನ್ಸು ಯಾರೆಸ್ರಲ್ಲದೆ, ಏಳ್ಲಾ ಮಗ."

ಅಣ್ಣ ನೆಲ ನೋಡಿದ.

"ಕೇಳ್ದೆ ಕಣ್ಲಾ. ಯಾರೆಸ್ರಲ್ಲದೆ?"

"ಅವಳೆಸ್ರಲ್ಲೇ ಅದೆ."

"ಇವ್ರಿಗೆಲ್ಲ ಕೇಳ್ಸ್‌ನಿಲ್ಲ" ಎಂದಳು ಅವ್ವ, ರಸ್ತೆಯ ಕಡೆಗೆ ಕೈ ಮಾಡಿ.

ಅಣ್ಣ ಸುತ್ತ ನೋಡಿದ. ಅವನ ಮುಖ ಕೆಂಪಾಗಿತ್ತು. "ನನ್ ತಂಗಿ ಎಸ್ರಲ್ಲೇ ಅದೆ" ಎಂದ, ಈ ಸಲ ಜೋರಾಗಿ. ನಾನು ಬೂತು ತೆರೆದ ದಿನದಿಂದ ಊರಿಗೆ ಕೇಳಿಸಬೇಕೆಂದು ಕಾದಿದ್ದ ಮಾತು ಅದು. ಅವನ ಬಾಯಿಂದಲೇ ಬಂದದ್ದಕ್ಕೆ ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ ಎಂದು ಒರೆಸಿಕೊಳ್ಳಲಿಲ್ಲ.

ಚಿಪ್ಸಿನವನಿಗೆ ಕನ್ನಡ ಅಷ್ಟಾಗಿ ಬಾರದಿದ್ದರೂ ವಿಷಯ ತಿಳಿದಿತ್ತು. ಎಣ್ಣೆ ಡಬ್ಬದ ಮುಚ್ಚಳ ಮತ್ತೆ ಹಾಕಿದ. "ಚೇಚಿ, ಅಕ್ಕಾ, ನಂಗೆ ಜಗಳ ಬೇಡ. ಆಚೆ ಕಡೆ ಜಾಗ ಉಂಟು, ಅಲ್ಲಿ ನೋಡ್ತೇನೆ" ಎಂದ. ಬಾಣಲೆಯ ಒಂದು ಕಿವಿಯನ್ನು ಅವನು ಹಿಡಿದ, ಇನ್ನೊಂದು ಕಿವಿಯನ್ನು ಅಣ್ಣನೇ ಹಿಡಿದ.

ಮಾರನೆಯ ದಿನ ಟೇಬಲ್ಲು ಮತ್ತೆ ಮುಂದಕ್ಕೆ ಬಂತು. ಕಾಗದ ಹೇಳುವವರೆಲ್ಲ ಮೂರು ಗಂಟೆಯೊಳಗೆ ಬರಬೇಕು ಎಂದು ಬೋರ್ಡು ಬರೆಸಿದೆ. ಆ ವಾರದಿಂದ ಜನ ತಾವಾಗಿಯೇ ಹೊತ್ತು ನೋಡಿಕೊಂಡು ಬಂದು ಬೆಂಚಿನ ಮೇಲೆ ಸಾಲಾಗಿ ಕೂರತೊಡಗಿದರು. ನಾನು ಒಂದೇ ಸಲ ಲೈನು ಹಚ್ಚುತ್ತಿದ್ದೆ. ಹೋದವೆಷ್ಟು, ಬಂದವೆಷ್ಟು ಎಂದು ಎಲ್ಲರೂ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಯುಗಾದಿಯ ಹಿಂದಿನ ದಿನ ಅಣ್ಣ ಬಂದ. ಯಾವುದೋ ಬೀಜದ ಕಂಪನಿಗೆ ಇ-ಮೇಲ್ ಕಳಿಸಬೇಕಿತ್ತಂತೆ, ಕೈಯಲ್ಲಿ ಮಡಿಸಿದ ಹಾಳೆ ಇತ್ತು. ಅಲ್ಲಿಯವರೆಗೆ ಅವನು ಬಂದಾಗಲೆಲ್ಲ ನಾನು ಎದ್ದು ನನ್ನ ಕುರ್ಚಿ ಬಿಟ್ಟುಕೊಡುತ್ತಿದ್ದೆ. ಅವನೂ ಅಭ್ಯಾಸಬಲದಿಂದ ಟೇಬಲ್ಲು ಸುತ್ತಿಕೊಂಡು ನನ್ನ ಬಳಿಗೇ ಬಂದು ನಿಂತ. ನಾನು ಏಳಲಿಲ್ಲ. ಟೈಪು ಮಾಡುತ್ತಲೇ ಇದ್ದೆ.

"ನಾನೆಲ್ಲಿ ಕೂರ್ಲಮ್ಮಿ?" ಎಂದ.

ತಲೆಯೆತ್ತಿ ಬೆಂಚು ತೋರಿಸಿದೆ. ಹಂಗಳದವನು ಟವೆಲ್ ಎತ್ತಿಕೊಂಡು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಅಣ್ಣ ಹಾಳೆಯನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೂತ, ತನ್ನ ಸರದಿ ಬರುವ ತನಕ ಕಾದ.